ಸಂದಿಯಲ್ಲಿ ಬರಬೇಕಿದ್ದ ರೂಮು

ಹಾಸ್ಟೆಲ್
೧೪ ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಅಕ್ಕಾ,

ಮೊದಲ ಮನೆ ಕೊಳ್ಳುವ ಸಂಭ್ರಮದಲ್ಲಿರುವವರಿಗೆ ಇಂಥ ಪತ್ರ ಬರೆಯುತ್ತಿರುವುದಕ್ಕೇ ಸಾರಿ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡದಿದ್ದುದಕ್ಕೆ ಇನ್ನೊಂದು ಸಾರಿ. ಫೋನ್ ಮಾಡಿದರೆ ನೀನು "ಏನೇ ಇಲಿ, ಊಟ ಆಯ್ತಾ?" ಅನ್ನುತ್ತೀಯ, ನಾನು ಮೆಸ್ಸಿನ ಸಾರಿನ ಕಥೆ ಹೇಳುತ್ತಾ ಕೂರುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ನಾನು ಚೆನ್ನಾಗಿದ್ದೇನೆ. ಕ್ಲಾಸಿನಲ್ಲಿ ಇನ್ನೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಷ್ಟೆ.

ನೀವು ಈ ಊರಿಗೆ ಬರುವ ಮುಂಚೆ ಕಿಟಕಿಗಳ ಅಳತೆ ಬೇಕು ಅಂದಿದ್ದೆಯಲ್ಲ, ನಿನ್ನೆ ಆ ಮನೆಗೆ ಹೋಗಿದ್ದೆ. ಓನರ್‌ಗೆ ಹೇಳಿರಲಿಲ್ಲ. ಗೇಟು ತೆರೆದೇ ಇತ್ತು. ನೀನು ನನಗಾಗಿ ರೂಮು ಕಟ್ಟಿಸುತ್ತೇನೆ ಅಂದಿದ್ದ ಪಕ್ಕದ ಸಂದಿಯಲ್ಲಿ ಟೇಪು ಹಿಡಿದು ನಿಂತಿದ್ದೆ. ಹಿಂದಿನಿಂದ "ಸ್ವಲ್ಪ ಸರ್ಕೊಳಮ್ಮ" ಅಂತ ಒಬ್ಬರು ಸ್ಕೂಟರ್ ತಳ್ಳಿಕೊಂಡು ಬಂದರು. ಹಿಂದಿನ ಮನೆಯವರು, ರಿಟೈರ್ಡ್ ಬಸ್ ಡ್ರೈವರ್ ಅಂತೆ.

"ಇದು ನಮ್ಮಕ್ಕ ತಗೊಳ್ತಿರೋ ಮನೆ, ತಾತಾ" ಅಂದೆ, ತುಸು ಜೋರಾಗಿಯೇ.

"ತಗೊಳ್ಳಲಿ ಬಿಡು, ಬೇಡ ಅಂದೋರ್ಯಾರು? ಹಾಗಂತ ನಾನೇನು ಹಾರ್ಕೊಂಡು ಹೋಗ್ಲಾ? ನಮ್ಮಪ್ಪನ ಕಾಲದಿಂದ ನಮ್ಮನೆಗೆ ಇದೊಂದೇ ದಾರಿ."

ಮನೆ ನೋಡಲು ನಾವು ಬಂದಾಗ ನೀವು ಕಾಣಲೇ ಇಲ್ಲವಲ್ಲ ಎಂದು ತಾತನನ್ನು ಕೇಳಿದೆ. ನಕ್ಕುಬಿಟ್ಟರು. "ಜನ ಬರ್ತಾರೆ, ಸ್ವಲ್ಪ ಹೊತ್ತು ಹೊರಗೆ ಬರ್ಬೇಡಿ ಅಂತ ನಿಮ್ಮ ಓನರ್ ಕೈ ಮುಗೀತಾನೆ. ನೆಂಟರು ಬಂದಾಗ ಹರಕು ಚಾಪೇನ ಮಂಚದಡಿ ತಳ್ತಾರಲ್ಲ, ಹಂಗೆ ನನ್ ಸ್ಥಿತಿ!"

ನಾನೇ ಹಿಂದೆ ಹೋಗಿ ನೋಡಿದೆ ಅಕ್ಕಾ. ಅವರ ಮನೆಗೆ ಉಳಿದ ಮೂರು ಕಡೆಯೂ ಬೇರೆಯವರ ಗೋಡೆ. ಓನರ್ ಏನಂದಿದ್ದ ನೆನಪಿದೆಯಾ? "ಸಂದಿ ಪೂರ್ತಿ ನಿಮ್ದೇ, ಬೇಕಾದ್ರೆ ನಾಳೆನೇ ಗೋಡೆ ಎಬ್ಬಿಸಿ." ಜಾಗ ನಮ್ಮದೇ ಇರಬಹುದು. ಆದರೆ ಅವರಿಗೆ ಓಡಾಡುವ ಹಕ್ಕಿದ್ದರೆ ಅದನ್ನು ಮುಚ್ಚುವಂತಿಲ್ಲ. ಶುಕ್ರವಾರ ಸಹಿ ಹಾಕುವ ಮುಂಚೆ ಎರಡೂ ಮನೆಗಳ ಹಳೆಯ ಪತ್ರಗಳನ್ನು ವಕೀಲರಿಂದ ನೋಡಿಸು, ಪ್ಲೀಸ್. "ಲಾ ಕಾಲೇಜು ಸೇರಿ ಮೂರು ತಿಂಗಳಿಗೇ ಜಡ್ಜ್ ಆದ್ಲಾ ಇವಳು?" ಅಂತ ಭಾವ ರೇಗಿಸುತ್ತಾರೆ. ರೇಗಿಸಲಿ.

ಭಾವನಿಗೆ ನಮಸ್ಕಾರ, ಪಾಪುಗೆ ಮುತ್ತು. ಯಾವ ಮನೆ ಕೊಂಡರೂ ಅದರಲ್ಲಿ ನೀವೆಲ್ಲ ತಣ್ಣಗಿರಿ.

ನಿನ್ನ
ಇಲಿ

ಇನ್ನೊಂದು ಮಾತು: ತಾತನ ದಾರಿಯ ವಿಷಯ ನಿನಗೆ ಹೇಳಲೇಬಾರದು ಅಂದುಕೊಂಡಿದ್ದೆ. ಸಹಿ ಆಗಿಬಿಟ್ಟರೆ ಹೇಗೋ ನನ್ನ ರೂಮಿನ ಗೋಡೆ ಏಳುತ್ತದೆ ಅಂತ ಆಸೆ. ಅಮ್ಮ ಹೋದ ಮೇಲೆ, ಐದನೇ ಕ್ಲಾಸಿನಿಂದ, ನಿಮ್ಮ ಬಾಡಿಗೆಯ ಒಂದೇ ಕೋಣೆಯಲ್ಲಿ ಜಾಗವಿಲ್ಲ ಅಂತ ರಜೆಯಲ್ಲೂ ಹಾಸ್ಟೆಲಿನಲ್ಲೇ ಉಳಿದೆ. ನೀನು ಬೇಡ ಅಂದಿರಲಿಲ್ಲ, ನಾನೇ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ರೂಮು ಆಗದಿದ್ದರೂ ಡಿಸೆಂಬರಿನಲ್ಲಿ ನಾನು ಬರಲಾ? ಹಾಲ್‌ನಲ್ಲಿ ಮಲಗುತ್ತೇನೆ. ಬೇಗ ಉತ್ತರ ಬರಿ.