ಎಚ್ಚರವಾದ ಅರ್ಧ

ಹೃದಯದ ಡಾಕ್ಟರಪ್ಪನವರಿಗೆ, ನೀವು ಎದೆ ಬಿಚ್ಚಿದ ಹುಡುಗಿಯ ಅಜ್ಜಿ ಮಾಡುವ ನಮಸ್ಕಾರ.

ಹುಟ್ಟಿದಾಗ ಹೃದಯದ ಅರ್ಧ ಎಳಸೆಂದು ಅದನ್ನು ಬದಿಗಿಟ್ಟು, ಉಳಿದರ್ಧದಲ್ಲೇ ಬದುಕುವಂತೆ ಹೊಲಿದಿರಿ. ಆರು ವರ್ಷದ ಮೇಲೆ ಆ ಹೊಲಿಗೆ ಬಿಚ್ಚಿ ಎರಡನ್ನೂ ದುಡಿಮೆಗೆ ಹಚ್ಚಿದಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ. ಮಗುವಿನ ನೀಲಿ ತುಟಿ ಕೆಂಪಾಗಿದೆ, ಮೆಟ್ಟಿಲು ಓಡಿ ಹತ್ತುತ್ತಾಳೆ. ಸೊಸೆಗೆ ಹಿಗ್ಗೋ ಹಿಗ್ಗು.

ದಿನಾ ಜಡೆ ಹಾಕುವ ಮೊದಲು ಅವಳ ಬೆನ್ನಿಗೆ ಕಿವಿಯಿಟ್ಟು, ಆ ಎಳಸು ಅರ್ಧವನ್ನು "ದಂಡಪಿಂಡ" ಎಂದು ಬೈಯುವುದು ನನ್ನ ರೂಢಿಯಾಗಿತ್ತು. ಮೊನ್ನೆ ಕಿವಿಯಿಟ್ಟಾಗ ಅವಳು ತಿರುಗದೆಯೇ ಕೇಳಿದಳು:

"ಅಜ್ಜಿ, ಇಷ್ಟು ವರ್ಷ ನನ್ನನ್ನ ಯಾಕೆ ಮುದ್ದು ಮಾಡ್ಲಿಲ್ಲ?"

"ಅಯ್ಯೋ ತರಲೆ, ಹೊತ್ತು ಮೆರೆಸಿದ್ದು ಯಾರನ್ನೇ ಮತ್ತೆ?"

"ಅವಳನ್ನ. ನಾನು ಪಕ್ಕದಲ್ಲೇ ಇದ್ದೆ. ಎಲ್ಲಾ ಕೇಳಿಸ್ತಿತ್ತು. ನೀನು ಬೈದಿದ್ದೂ."

ನಾನು ಬೈಯುತ್ತಿದ್ದುದು ಮನಸ್ಸಿನಲ್ಲೇ, ಡಾಕ್ಟರಪ್ಪ. ಒಂದು ದಿನವೂ ಬಾಯಿಬಿಟ್ಟು ಅಂದವಳಲ್ಲ.

ಸೋಮವಾರ ತಪಾಸಣೆಗೆ ಬರುತ್ತೇವೆ. ಸೊಸೆಯನ್ನು ಹೊರಗೆ ಕೂರಿಸಿ, ಎದೆಯ ಎರಡೂ ಕಡೆ ನಳಿಗೆಯಿಟ್ಟು ನಿಧಾನವಾಗಿ ಕೇಳಿ. ಮೊದಲಿನವಳು ಒಳಗಿದ್ದಾಳೋ ಇಲ್ಲವೋ, ನನಗೊಬ್ಬಳಿಗೇ ಹೇಳಿ. ಇಲ್ಲವೆಂದರೂ ಮತ್ತೆ ಬಿಚ್ಚಬೇಡಿ. ಇವಳೂ ಆರು ವರ್ಷ ಕತ್ತಲಲ್ಲಿ ಕೂತಿದ್ದ ಮಗುವೇ.

ಇಂತಿ,
ಇಬ್ಬರಿಗೂ ಅಜ್ಜಿ