ತೆಂಪೆಯ ಬಿಸಿ

ಮಾರ್ಚ್ 3, ಸೋಮವಾರ
ತೆಂಪೆ ಕಟ್ಟಲು ಸೋಯಾ ಕಾಳು ಬೇಯಿಸಿ ಸಿಪ್ಪೆ ತೆಗೆದೆ. ಹೆಂಡತಿ ವಾರ್ಸಿನಿ ಮಲಗಿದಲ್ಲಿಂದಲೇ ಹೇಳಿಕೊಡುತ್ತಿದ್ದಳು — ಬಾಳೆಲೆ ಬಿಗಿಯಾಗಿ ಸುತ್ತಬೇಡಿ, ಕಾಳಿಗೆ ಬೂಷ್ಟು ಹಿಡಿದು ಗಟ್ಟಿಯಾದರೆ ತಾನೆ ತೆಂಪೆ, ಅದಕ್ಕೂ ಉಸಿರು ಬೇಕು. ಮತ್ತೆ ಚಳಿಜ್ವರ. ಸೊಂಟದ ಮೇಲೆ ನೋವು. ಮೊದಲೇ ಶುಗರ್ ಇರುವ ಹೆಂಗಸು... ಏನೋ ಆಗಿದೆ. ಏನೂ ಇಲ್ಲ ಅನ್ನುತ್ತಾಳೆ.

ಮಾರ್ಚ್ 5
ಜಿಲ್ಲಾ ಆಸ್ಪತ್ರೆ. ಫಂಗಸ್ ಅಂದರು ಡಾಕ್ಟರಮ್ಮ. ರಕ್ತದಲ್ಲಿ ಹರಿದು ಕಿಡ್ನಿಗೆ ಇಳಿದಿದೆಯಂತೆ. ಫಂಗಸ್ ಅಂದರೆ ಬೂಷ್ಟು. ಇಷ್ಟು ವರ್ಷ ತೆಂಪೆ ಕಟ್ಟಿ ಮಾರಿದವಳ ಉಗುರುಸಂದಿಯಲ್ಲಿ ಇದ್ದದ್ದು ಅದೇ ಅಲ್ಲವೆ? ಮನೆಗೆ ಓಡಿದೆ. ಕಟ್ಟಿಟ್ಟ ತೆಂಪೆ, ಹೆಪ್ಪಿಗೆಂದು ಬೂಷ್ಟು ಹಿಡಿಸಿ ಒಣಗಿಸಿಟ್ಟ ಎಲೆಗಳು — ಅವಳಮ್ಮನ ಕಾಲದಿಂದ ಬಂದ ಹೆಪ್ಪು — ಎಲ್ಲ ಸುಟ್ಟೆ.

ಮಾರ್ಚ್ 6
ತೆಂಪೆಯ ಬೂಷ್ಟೇ ಬೇರೆಯಂತೆ. ಇದು ಎಲ್ಲರ ಮೈಯಲ್ಲೂ ಸುಮ್ಮನಿರುವಂಥದ್ದು, ಶುಗರ್ ಏರಿದ್ದಕ್ಕೆ ಹಬ್ಬಿತಂತೆ. ಹಾಗಾದರೆ ನಾನು ಸುಟ್ಟದ್ದು?... ವಾರ್ಸಿನಿಗೆ ಹೇಳಲಿಲ್ಲ. ಬೆನ್ನಿಗೆ ತೂತು ಮಾಡಿ ಕಿಡ್ನಿಗೆ ಟ್ಯೂಬ್ ಹಾಕಿದರು. ಔಷಧಿ ನಾಟದಿದ್ದರೆ ಎಡ ಕಿಡ್ನಿ ತೆಗೆಯಬೇಕು. ಕೇಳಿಸಿಕೊಂಡು ಅವಳೆಂದಳು, "ನೋಡಿ ಡಾಕ್ಟರಮ್ಮ, ಬಾಳೆಲೆ ಇಲ್ದೇನೇ ಮೈಯೊಳಗೇ ತೆಂಪೆ ಕಟ್ಟಿದೀನಿ."
ಡಾಕ್ಟರಮ್ಮ ನಕ್ಕರು. ನಾನು ಹೊರಗೆ ಹೋಗಿ ಅತ್ತೆ. ಎಂಥ ಹೆಂಗಸು!

ಮಾರ್ಚ್ 12
ಜ್ವರ ಇಳಿದಿಲ್ಲ. ಊರಿಗೆ ಊರೇ ಲಾರಿ ಹತ್ತಿ ನೋಡಲು ಬಂತು. ಯಾರು ಮಲಗಿದರೂ ನಮ್ಮವರು ಬರುವುದು ಹೀಗೆಯೇ. ಪಕ್ಕದ ಮನೆ ಪೋನಿರಾಳ ಬಾಯಿ ನಿಲ್ಲಲಿಲ್ಲ.
"ಅಕ್ಕಾ, ನಿನ್ ಗಂಡ ಹೆಪ್ಪಿನೆಲೇನೆಲ್ಲ ಸುಟ್ಟಾಕ್ಬಿಟ್ಟ."
ವಾರ್ಸಿನಿ ನನ್ನನ್ನು ನೋಡಿದಳು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು.
"ಸುಟ್ರೆ ಸುಡ್ಲಿ ಬಿಡೆ. ನಿಂಗೆ, ನಿನ್ ನಾದಿನಿಗೆ, ಹೊಳೆಯಾಚೆಯವ್ರಿಗೆ ಹಂಚಿದ್ದು ಯಾರಮ್ಮನ ಹೆಪ್ಪು? ನಾಕು ಎಲೆ ಇವ್ರ ಕೈಗೆ ಕೊಡು."
ಎಲ್ಲರೂ ಹೋದ ಮೇಲೆ ಮೆಲ್ಲಗೆ ಅಂದಳು, "ನಾನಿಲ್ದಿದ್ರೆ ಹೆದ್ರಿ ಇನ್ನೇನೇನು ಸುಡ್ತೀರೋ. ನಾನು ಸಾಯೋ ಹಂಗೇ ಇಲ್ಲ."

ಮಾರ್ಚ್ 20, ಬೆಳಿಗ್ಗೆ
ಸ್ಕ್ಯಾನ್ ಆಯಿತು. ಕಿಡ್ನಿ ತೆಗೆಯುವ ಮಾತನ್ನು ಡಾಕ್ಟರಮ್ಮ ಎತ್ತಲಿಲ್ಲ. ಮರೆತರೋ ಎಂದು ನಾನೇ ಕೇಳಿದೆ. ಬೇಡವಂತೆ.
ಪೋನಿರಾ ಕೊಟ್ಟ ಹೆಪ್ಪಿನಿಂದ ನಿನ್ನೆ ಕಟ್ಟಿದ ಪೊಟ್ಟಣ ತಂದಿದ್ದೆ. ವಾರ್ಸಿನಿಯ ಹಟ. ತರಬಹುದೆ ಎಂದು ಡಾಕ್ಟರಮ್ಮನನ್ನು ಮತ್ತೆ ಮತ್ತೆ ಕೇಳಿಯೇ ತಂದದ್ದು. ಬೂಷ್ಟು ಹಿಡಿದರೆ ತೆಂಪೆ ತಾನಾಗಿ ಬೆಚ್ಚಗಾಗುತ್ತದೆ. ಅವಳು ಅಂಗೈಯಲ್ಲಿಟ್ಟು ನೋಡಿ ನನ್ನ ಕೈಗೆ ಕೊಟ್ಟಳು. ಬೆಚ್ಚಗಿತ್ತು.
ಆಮೇಲೆ ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು. ನನ್ನ ಕೈ ಬಿಸಿಯಾಗಿದ್ದುದಕ್ಕೆ ಹಾಗನ್ನಿಸಿತೋ ಏನೋ... ಇನ್ನೊಂದು ಕೈಯಲ್ಲಿ ಮುಟ್ಟಿದೆ. ತಣ್ಣಗೇ ಇದೆ. ನರ್ಸನ್ನೂ ಒಮ್ಮೆ ಕೇಳಬೇಕು. ಕರೆಯುತ್ತಿದ್ದಾಳೆ — ಅದೇನು ಬರೀತಾ ಕೂತಿದೀರಿ, ಎಲೆ ಬಿಡಿಸಿ ಅಂತ, ಬೂಷ್ಟು ಹೇಗೆ ಬಂದಿದೆ ನೋ—