ದೋಣಿಯ ಹೊದಿಕೆಗೆ ಒಂದು ಕಂಬ

ಟಾರ್ಪಾಲು ಹೊಲಿಯುವ ಅಣ್ಣನವರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಚಪ್ಪಟೆ ತಳದ ಸಣ್ಣ ದೋಣಿಗೆ ಪ್ಲಾಸ್ಟಿಕ್ ಹೊದಿಕೆ ಹೊಲಿಸಿಕೊಂಡು ಹೋದವಳು ನಾನೇ. "ನಡುವೆ ಒಂದು ಕಂಬ ಬೇಕಮ್ಮ, ಇಲ್ಲಾಂದ್ರೆ ನೀರು ನಿಲ್ಲುತ್ತೆ" ಎಂದು ನೀವು ಹೇಳಿದ್ದಿರಿ. "ಬಿಗಿಯಾಗಿ ಕಟ್ಟೋಕೆ ಬಂದ್ರೆ ಸಾಕು, ಇನ್ನು ಅದನ್ನ ಯಾರೂ ಬಿಚ್ಚಲ್ಲ" ಎಂದು ನಾನು ನಿಮ್ಮ ಬಾಯಿ ಮುಚ್ಚಿಸಿದ್ದೆ. ದೋಣಿ ನನ್ನ ಮಾವನದು. ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಆರು ತಿಂಗಳಾಯಿತು. ಕಣ್ಣಿಗೆ ಬೀಳದಿದ್ದರೆ ದೋಣಿಯನ್ನು ಮರೆತಾರು ಅಂದುಕೊಂಡಿದ್ದೆ.

ಮೊದಲ ಮಳೆಗೇ ಹೊದಿಕೆ ನೀರು ತುಂಬಿಕೊಂಡು ಎಮ್ಮೆಯ ಹೊಟ್ಟೆಯಂತೆ ಜೋತುಬಿತ್ತು. ಮಾವ ಕಿಟಕಿಯಿಂದ ನೋಡಿ, "ಪ್ಲಾಸ್ಟಿಕ್ ಒಳಗೆ ಮರ ಬೆವರುತ್ತೆ ಕಣಮ್ಮ" ಎಂದಷ್ಟೇ ಅಂದರು. ಮರುದಿನ ಬೆಳಿಗ್ಗೆ ಹೊದಿಕೆ ಗುಡಾರದ ಹಾಗೆ ಎದ್ದು ನಿಂತಿತ್ತು. ಇಣುಕಿದರೆ, ಒಳಗೆ ಆಸರೆಗೆ ನಿಂತದ್ದು ಮಾವನ ಊರುಗೋಲು. ಕೋಲನ್ನು ಅಲ್ಲೇ ಬಿಟ್ಟು ಮನೆಗೆ ಹೇಗೆ ಮರಳಿದರೋ ಕಾಣೆ.

ಈ ಸಲ ಕ್ಯಾನ್ವಾಸಿನಲ್ಲೇ ಹೊಲಿಯಿರಿ. ಹಗ್ಗದ ಗಂಟು ಬೇಡ. ಅದನ್ನು ಅವರು ಹಲ್ಲಿನಿಂದ ಬಿಚ್ಚಿದ್ದಾರೆ. ಎಡಗೈಯೊಂದರಲ್ಲೇ ತೆಗೆಯಲು ಬರುವ ಕೊಕ್ಕೆ ಹಾಕಿ. ನಡುವಿಗೆ ಊರುಗೋಲಿನಷ್ಟೇ ಎತ್ತರದ ಕಂಬ ಕೊಡಿ.

ಹೊದಿಕೆ ತಡವಾದರೂ ಸರಿ, ಕಂಬವನ್ನು ಮೊದಲು ಕಳಿಸಿ. ಅದು ಬರುವ ತನಕ ಕೋಲು ಮುಟ್ಟುವುದಿಲ್ಲವೆಂದು ಮಾವ ಹಟ ಹಿಡಿದಿದ್ದಾರೆ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾರೆ. ಗೋಡೆ ಮುಗಿದ ಮೇಲೆ, ದೋಣಿಯ ತನಕ, ನನ್ನ ಹೆಗಲು ಹಿಡಿಯುತ್ತಾರೆ.

ಇತಿ,
ದೋಣಿ ಮನೆಯ ಸೊಸೆ